ಟ್ಯಾಬ್ ತುಂಬಾ ಸ್ಕ್ರೀನ್‌ಶಾಟ್: ತೆಗೆಯೋಕೆ, ಆಮೇಲೆ ಹುಡುಕೋಕೆ ಸುಲಭದ ದಾರಿ ಇದೆಯಾ?

ಕೋಡುಬಳೆ:
ಎಲ್ಲರಿಗೂ ನಮಸ್ಕಾರ. ಕೆಎಎಸ್‌ಗೆ ಓದುತ್ತಿದ್ದೇನೆ, ಸದ್ಯ ಧಾರವಾಡದ ಸಪ್ತಾಪುರದಲ್ಲಿ ರೂಮು. ಕೈಯಲ್ಲಿರುವುದು ಸ್ಯಾಮ್‌ಸಂಗ್‌ನ 11 ಇಂಚಿನ ಟ್ಯಾಬ್, ಜೊತೆಗೆ ಪೆನ್ನೂ ಇದೆ. ಯೂಟ್ಯೂಬ್ ಪಾಠದಲ್ಲಿ ಬೋರ್ಡ್ ಮೇಲೆ ಏನಾದರೂ ಬರೆದರೆ ಒಂದು ಸ್ಕ್ರೀನ್‌ಶಾಟ್, ಇ-ಪೇಪರ್‌ನಲ್ಲಿ ಒಳ್ಳೆ ಲೇಖನ ಕಂಡರೆ ಇನ್ನೊಂದು, ಸರ್ಕಾರಿ ಆದೇಶದ ಪಿಡಿಎಫ್ ತೆರೆದರೆ ಮತ್ತೆರಡು. ಹೀಗೇ ಗ್ಯಾಲರಿ ತುಂಬಿಹೋಗಿದೆ. ಅಕ್ಕನ ಮಗಳ ನಾಮಕರಣದ ಫೋಟೊ ಹುಡುಕಿದರೆ ಸಂವಿಧಾನದ 73ನೇ ತಿದ್ದುಪಡಿ ಸಿಗುತ್ತದೆ, ತಿದ್ದುಪಡಿ ಹುಡುಕಿದರೆ ನಾಮಕರಣ.

ಕೇಳಬೇಕಾದ್ದು ಇಷ್ಟು. ಟ್ಯಾಬನ್ನು ಸ್ಟ್ಯಾಂಡ್ ಮೇಲೆ ಅಡ್ಡಕ್ಕೆ ಇಟ್ಟಾಗ ಎರಡು ಬಟನ್ ಒಟ್ಟಿಗೆ ಒತ್ತುವುದು ಸರ್ಕಸ್, ಬೇರೆ ದಾರಿ ಇದೆಯಾ? ಉದ್ದದ ಪುಟವನ್ನು ಒಂದೇ ಚಿತ್ರವಾಗಿ ತೆಗೆಯಬಹುದಾ? ತೆಗೆದದ್ದನ್ನು ಆಮೇಲೆ ಹೇಗೆ ಹುಡುಕುತ್ತೀರಿ? ಚಿತ್ರದಲ್ಲಿರುವ ಕನ್ನಡವನ್ನು ಟೈಪ್ ಮಾಡದೆ ಅಕ್ಷರವಾಗಿ ಪಡೆಯಲು ಆಗುತ್ತದಾ? ಕೊನೆಯದು ಆದರೆ ನನ್ನ ಅರ್ಧ ಕಷ್ಟ ಮುಗಿಯಿತು.

ಬಿಸಿಲ್ಗುದುರೆ:
ಮೊದಲು ಬಟನ್ ವಿಷಯ. ಪವರ್ ಬಟನ್, ವಾಲ್ಯೂಮ್ ಇಳಿಸುವ ಬಟನ್, ಎರಡನ್ನೂ ಒಟ್ಟಿಗೆ ಒತ್ತಿ ತಕ್ಷಣ ಬಿಡಬೇಕು. ಜಾಸ್ತಿ ಹೊತ್ತು ಹಿಡಿದರೆ ಆಫ್ ಮಾಡುವ ಮೆನು ಬಂದು ಕೂರುತ್ತದೆ. ಒಂದನ್ನು ಮೊದಲು, ಇನ್ನೊಂದನ್ನು ಆಮೇಲೆ ಒತ್ತಿದರೆ ಸದ್ದು ಇಳಿಯುತ್ತದೆ, ಇಲ್ಲಾ ಪರದೆ ಆರುತ್ತದೆ. 2011ರಲ್ಲಿ ಆಂಡ್ರಾಯ್ಡ್ 4.0 ಬಂದಾಗಿನಿಂದ ಇದೇ ಜೋಡಿ, ಬಹುತೇಕ ಎಲ್ಲಾ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ ನಡೆಯುತ್ತದೆ.

ಸ್ಟ್ಯಾಂಡ್ ಮೇಲಿದ್ದಾಗ ನಾನು ಬಟನ್ ಮುಟ್ಟುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಫೀಚರ್ಸ್, ಅದರೊಳಗೆ ಮೋಷನ್ಸ್ ಆ್ಯಂಡ್ ಜೆಸ್ಚರ್ಸ್, ಅಲ್ಲಿ ಪಾಮ್ ಸ್ವೈಪ್ ಟು ಕ್ಯಾಪ್ಚರ್ ಅಂತ ಇರುತ್ತದೆ, ಆನ್ ಮಾಡಿ. ಅಂಗೈಯನ್ನು ನಿಲ್ಲಿಸಿ, ಕಿರುಬೆರಳಿನ ಕಡೆಯ ಅಂಚಿನಿಂದ ಪರದೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸವರಬೇಕು. ಅಂಗೈ ಪರದೆಗೆ ತಾಗಿಕೊಂಡೇ ಹೋಗಬೇಕು, ಗಾಳಿಯಲ್ಲಿ ಬೀಸಿದರೆ ಆಗುವುದಿಲ್ಲ. ಎರಡು ದಿನ ಕೈ ಪಳಗಬೇಕು ಅಷ್ಟೆ.

ನಿಮ್ಮ ಹತ್ತಿರ ಪೆನ್ ಇದೆಯಲ್ಲ, ಅದು ಇನ್ನೂ ಒಳ್ಳೆಯದು. ಪೆನ್ನನ್ನು ಪರದೆ ಹತ್ತಿರ ಹಿಡಿದು ಅದರ ಬಟನ್ ಒತ್ತಿದರೆ ಒಂದು ಮೆನು ಬರುತ್ತದೆ. ಅದರಲ್ಲಿ ಸ್ಕ್ರೀನ್ ರೈಟ್ ಅಂದರೆ ಇಡೀ ಪರದೆ ಸಿಕ್ಕಿ ಮೇಲೆ ಗೀಚಬಹುದು. ಸ್ಮಾರ್ಟ್ ಸೆಲೆಕ್ಟ್ ಅಂದರೆ ಬೇಕಾದ ಭಾಗದ ಸುತ್ತ ಮಾತ್ರ ಗೆರೆ ಎಳೆದು ಕತ್ತರಿಸಿಕೊಳ್ಳಬಹುದು. ಯೂಟ್ಯೂಬ್ ಬೋರ್ಡಿಗೆ ಎರಡನೆಯದೇ ಸರಿ. ಮೇಷ್ಟ್ರ ಮುಖ, ಕೆಳಗಿನ ಕಮೆಂಟು, ಪಕ್ಕದ ಜಾಹೀರಾತು ಯಾಕೆ ಬೇಕು ಹೇಳಿ?

ಅಡಿಕೆತೋಟ:
ಶಿಯೋಮಿ, ರಿಯಲ್‌ಮಿ, ಒನ್‌ಪ್ಲಸ್ ಟ್ಯಾಬ್ ಇರುವವರಿಗೆ: ಮೂರು ಬೆರಳು ಒಟ್ಟಿಗೆ ಇಟ್ಟು ಕೆಳಕ್ಕೆ ಎಳೆದರೆ ಸಾಕು. ಕೆಲವು ಮಾದರಿಗಳಲ್ಲಿ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು.

ನನ್ನ ಅಮ್ಮನಿಗೆ ಕೈಬೆರಳು ನೋವು, ಎರಡು ಬಟನ್ ಒತ್ತಲು ಆಗುವುದಿಲ್ಲ, ಸವರುವುದೂ ಕಷ್ಟ. ಅವರಿಗೆ ಆಂಡ್ರಾಯ್ಡ್‌ನ ಆ್ಯಕ್ಸೆಸಿಬಿಲಿಟಿ ಮೆನು ಹಾಕಿಕೊಟ್ಟಿದ್ದೇನೆ. ಪರದೆ ಮೂಲೆಯಲ್ಲಿ ಸಣ್ಣ ಗುರುತು, ಒತ್ತಿದರೆ ದೊಡ್ಡ ದೊಡ್ಡ ಬಟನ್‌ಗಳು, ಅದರಲ್ಲಿ ಒಂದು ಸ್ಕ್ರೀನ್‌ಶಾಟ್. ವಯಸ್ಸಾದವರ ಟ್ಯಾಬ್‌ನಲ್ಲಿ ಇದನ್ನು ಮೊದಲೇ ಹಾಕಿಡಿ.

ನಿವೃತ್ತ ಮೇಷ್ಟ್ರು:
ನನ್ನದು ಐಪ್ಯಾಡ್. ಹೋಮ್ ಬಟನ್ ಇಲ್ಲದ್ದರಲ್ಲಿ ಮೇಲಿನ ಬಟನ್ ಜೊತೆ ಯಾವುದಾದರೂ ಒಂದು ವಾಲ್ಯೂಮ್ ಬಟನ್. ಹೋಮ್ ಬಟನ್ ಇರುವ ಹಳೆಯದರಲ್ಲಿ ಮೇಲಿನ ಬಟನ್ ಮತ್ತು ಹೋಮ್ ಬಟನ್. ಆ್ಯಪಲ್ ಪೆನ್ಸಿಲ್ ಇದ್ದರೆ ಕೆಳಗಿನ ಮೂಲೆಯಿಂದ ಒಳಕ್ಕೆ ಎಳೆದರೆ ಆಯಿತು, ಇದು 2019ರ ಐಪ್ಯಾಡ್ ಓಎಸ್ 13ರಿಂದ ಇದೆ. ಪೆನ್ಸಿಲ್ ಇಲ್ಲದಿದ್ದರೂ ಬೆರಳಲ್ಲೇ ಎಡ ಮೂಲೆಯಿಂದ ಎಳೆಯಬಹುದು, ಸೆಟ್ಟಿಂಗ್ಸ್‌ನ ಮಲ್ಟಿಟಾಸ್ಕಿಂಗ್ ಆ್ಯಂಡ್ ಜೆಸ್ಚರ್ಸ್ ಅನ್ನುವಲ್ಲಿ ಇದೆ. ಕೀಬೋರ್ಡ್ ಸಿಕ್ಕಿಸಿಕೊಂಡಿದ್ದರೆ ಕಮಾಂಡ್, ಶಿಫ್ಟ್, 3.

ಐಫೋನ್‌ನಲ್ಲಿ ಬೆನ್ನಿಗೆ ಎರಡು ಸಲ ತಟ್ಟಿದರೆ ಸ್ಕ್ರೀನ್‌ಶಾಟ್ ಬರುವ ಹಾಗೆ ಮಾಡಬಹುದು ಅಂತ ಮೊಮ್ಮಗ ತೋರಿಸಿದ. ಅದು ಐಪ್ಯಾಡ್‌ನಲ್ಲಿ ಇಲ್ಲ. ಸುಮ್ನೆ ತಟ್ಟುತ್ತಾ ಕೂರಬೇಡಿ.

ಹೊಳೆಸಾಲು:
ಎಲ್ಲರೂ ತೆಗೆಯುವುದು ಹೇಗೆ ಅಂತ ಹೇಳುತ್ತಿದ್ದೀರಿ. ನಾನು ಉಲ್ಟಾ ಕೇಳುತ್ತೇನೆ. ತೆಗೆಯೋದ್ಯಾಕೆ?

ಪಿಡಿಎಫ್ ಕೈಯಲ್ಲೇ ಇದೆ, ಅದರ ಸ್ಕ್ರೀನ್‌ಶಾಟ್ ಯಾಕೆ? ಆ ಪಿಡಿಎಫ್ ಅನ್ನೇ ಇಟ್ಟುಕೊಳ್ಳಿ, ಪುಟದ ನಂಬರ್ ಬರೆದುಕೊಳ್ಳಿ. ವೆಬ್ ಪುಟ ಆದರೆ ಕ್ರೋಮ್‌ನಲ್ಲಿ ಶೇರ್ ಒತ್ತಿ, ಪ್ರಿಂಟ್ ಅಂತ ಹೋಗಿ, ಪ್ರಿಂಟರ್ ಬದಲು ಸೇವ್ ಆ್ಯಸ್ ಪಿಡಿಎಫ್ ಆರಿಸಿ. ಇಡೀ ಪುಟ ಬರುತ್ತದೆ, ಲಿಂಕ್‌ಗಳೂ ಉಳಿಯುತ್ತವೆ. ಯೂಟ್ಯೂಬ್ ಆದರೆ ಆ ನಿಮಿಷದ ಲಿಂಕ್ ಇಟ್ಟುಕೊಳ್ಳಬಹುದು. ಬೋರ್ಡಿನ ಚಿತ್ರಕ್ಕಿಂತ ಅಲ್ಲಿ ಮೇಷ್ಟ್ರು ಏನು ಹೇಳಿದರು ಅನ್ನುವುದೇ ಮುಖ್ಯ ಅಲ್ವಾ?

ನಮ್ಮ ಊರಲ್ಲಿ ಪಹಣಿಯದ್ದೂ ಇದೇ ಕತೆ. ಭೂಮಿ ವೆಬ್‌ಸೈಟ್ ತೆರೆಯುವುದು, ಪರದೆಯ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವುದು, ಆಮೇಲೆ ಸರ್ವೆ ನಂಬರೇ ಓದಲು ಬರುತ್ತಿಲ್ಲ ಅಂತ ಫೋನ್ ಮಾಡುವುದು. ಸ್ಕ್ರೀನ್‌ಶಾಟ್ ಅನ್ನುವುದು ಈ ಕ್ಷಣಕ್ಕೆ ನೋಡಲು, ಯಾರಿಗೋ ತೋರಿಸಲು. ಇಟ್ಟುಕೊಳ್ಳಲು ಅಲ್ಲ.

ಕೋಡುಬಳೆ:
@ಹೊಳೆಸಾಲು, ನೀವು ಹೇಳುವುದು ಅರ್ಧ ಒಪ್ಪುತ್ತೇನೆ. ಆದರೆ ರೀಡಿಂಗ್ ರೂಮಿನಲ್ಲಿ ನೆಟ್ ಸಿಗುವುದಿಲ್ಲ, ಲಿಂಕ್ ಇಟ್ಟುಕೊಂಡು ಏನು ಮಾಡಲಿ? ಇನ್ನೊಂದು, ಪಾಠದ ಪಿಪಿಟಿಯನ್ನು ಯಾರೂ ಕೊಡುವುದಿಲ್ಲ. ಬೋರ್ಡ್ ಅಳಿಸುವ ಮೊದಲು ಹಿಡಿದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂಗೈ ಸವರುವುದು ಆನ್ ಮಾಡಿದೆ, ಚೆನ್ನಾಗಿದೆ. ಆದರೆ ಯೂಟ್ಯೂಬ್ ನಿಲ್ಲಿಸಿ ತೆಗೆದರೆ ಮಧ್ಯದಲ್ಲಿ ಆ ತ್ರಿಕೋನದ ಗುರುತು, ಕೆಳಗೆ ಕೆಂಪು ಗೆರೆ ಎಲ್ಲಾ ಸೇರಿ ಬರುತ್ತದೆ. ಜೊತೆಗೆ ಅಕ್ಷರ ಮಸುಕು.

ಬಿಸಿಲ್ಗುದುರೆ:
ನಿಲ್ಲಿಸಿದ ಮೇಲೆ ಪರದೆಯ ಖಾಲಿ ಜಾಗದಲ್ಲಿ ಒಮ್ಮೆ ಮುಟ್ಟಿ, ಗುರುತುಗಳು ಮಾಯವಾಗುತ್ತವೆ. ಆಮೇಲೆ ತೆಗೆಯಿರಿ.

ಮಸುಕಿಗೆ ಕಾರಣ ವಿಡಿಯೊ ಗುಣಮಟ್ಟ. ಡೇಟಾ ಉಳಿಸಲು 360ರಲ್ಲಿ ನೋಡುತ್ತಿರುತ್ತೀರಿ. ಪರದೆ ಮೇಲೆ ಏನು ಕಾಣುತ್ತದೋ ಅದೇ ಸ್ಕ್ರೀನ್‌ಶಾಟ್‌ನಲ್ಲೂ ಬರುತ್ತದೆ, ಅದು ಏನನ್ನೂ ಚೂಪು ಮಾಡಿಕೊಡುವುದಿಲ್ಲ. ಟ್ಯಾಬ್ ಎಸ್9ನಂಥ ಪರದೆಯಲ್ಲಿ 2560 ಅಡ್ಡ, 1600 ಉದ್ದ, ಅಂದರೆ ಸುಮಾರು 41 ಲಕ್ಷ ಚುಕ್ಕಿ. ಅದರೊಳಗೆ 640 ಅಡ್ಡ 360 ಉದ್ದದ ವಿಡಿಯೊವನ್ನು ಹಿಗ್ಗಿಸಿದರೆ ಒತ್ತಕ್ಷರ ಎಲ್ಲಿಂದ ಕಾಣಬೇಕು? ಬೋರ್ಡ್ ತುಂಬಿದಾಗ ಮಾತ್ರ ಗುಣಮಟ್ಟವನ್ನು 1080ಕ್ಕೆ ಏರಿಸಿ, ಎರಡು ಸೆಕೆಂಡ್ ಬಿಟ್ಟು ತೆಗೆದು, ಮತ್ತೆ ಇಳಿಸಿ. ಡೇಟಾ ಹೆಚ್ಚೇನೂ ಹೋಗುವುದಿಲ್ಲ.

ತಿರುಗುಬಾಣ:
ಉದ್ದದ ಪುಟದ ಬಗ್ಗೆ ಯಾರೂ ಹೇಳಲಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದ ತಕ್ಷಣ ಕೆಳಗೆ ಒಂದು ಪಟ್ಟಿ ಬರುತ್ತದಲ್ಲ, ಅದರಲ್ಲಿ ಕೆಳಕ್ಕೆ ತೋರಿಸುವ ಜೋಡಿ ಬಾಣ ಇದೆ. ಅದನ್ನು ಒತ್ತುತ್ತಾ ಹೋದರೆ ಪುಟ ತಾನೇ ಸರಿದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೇರೆ ಕಂಪನಿಯವರಿಗೆ 2021ರ ಆಂಡ್ರಾಯ್ಡ್ 12ರಿಂದ ಕ್ಯಾಪ್ಚರ್ ಮೋರ್ ಅಂತ ಬಂದಿದೆ. ಆ ಪಟ್ಟಿ ಕೆಲವೇ ಸೆಕೆಂಡ್ ಇರುತ್ತದೆ, ಯೋಚಿಸುತ್ತಾ ಕೂತರೆ ಹೋಗುತ್ತದೆ.

ಎಲ್ಲಾ ಕಡೆ ನಡೆಯುವುದಿಲ್ಲ ಅನ್ನುವುದು ಗೊತ್ತಿರಲಿ. ಪುಟ ಸರಿಯುವ ಹಾಗಿದ್ದರೆ ಮಾತ್ರ ಆ ಬಾಣ ಬರುತ್ತದೆ. ಇ-ಪೇಪರ್‌ಗಳಲ್ಲಿ ಇಡೀ ಪುಟವೇ ಒಂದು ಚಿತ್ರ, ಹಿಗ್ಗಿಸಿ ಅತ್ತಿತ್ತ ಸರಿಸುತ್ತೇವೆ, ಅಲ್ಲಿ ಇದು ಸಿಗುವುದು ಕಷ್ಟ. ಅದಕ್ಕೆ ಲೇಖನದ ಮೇಲೆ ಮುಟ್ಟಿ ಅದೊಂದನ್ನೇ ತೆರೆಯಿರಿ, ಬಹಳಷ್ಟು ಇ-ಪೇಪರ್‌ಗಳಲ್ಲಿ ಆ ಅನುಕೂಲ ಇದೆ.

ನಿವೃತ್ತ ಮೇಷ್ಟ್ರು:
ಐಪ್ಯಾಡ್‌ನ ಸಫಾರಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದು, ಎಡಗಡೆ ಕೆಳಗೆ ಬರುವ ಸಣ್ಣ ಚಿತ್ರವನ್ನು ಮುಟ್ಟಿದರೆ ಮೇಲೆ ಫುಲ್ ಪೇಜ್ ಅಂತ ಕಾಣುತ್ತದೆ. ಸೇವ್ ಮಾಡುವಾಗ ಪಿಡಿಎಫ್ ಆರಿಸಿದರೆ ಇಡೀ ಪುಟ ಫೈಲ್ಸ್‌ನಲ್ಲಿ ಕೂರುತ್ತದೆ. ಗ್ಯಾಲರಿಗೆ ಬರುವುದೇ ಇಲ್ಲ, ಅದೇ ದೊಡ್ಡ ಸುಖ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು. ಡನ್ ಒತ್ತಿದಾಗ ಕಾಪಿ ಆ್ಯಂಡ್ ಡಿಲೀಟ್ ಅಂತ ಒಂದು ಆಯ್ಕೆ ಇದೆ. ಚಿತ್ರ ನಕಲಾಗುತ್ತದೆ, ನೋಟ್ಸ್‌ನಲ್ಲೋ ವಾಟ್ಸಾಪ್‌ನಲ್ಲೋ ಅಂಟಿಸಬಹುದು, ಆದರೆ ಐಪ್ಯಾಡ್‌ನಲ್ಲಿ ಉಳಿಯುವುದಿಲ್ಲ. ನಾನು ತೆಗೆಯುವ ಮುಕ್ಕಾಲು ಪಾಲು ಹೀಗೇ ಹೋಗುತ್ತದೆ.

ಹೊಳೆಸಾಲು:
ಮೇಷ್ಟ್ರೇ, ನಾನು ಹೇಳಿದ್ದೂ ಅದೇ ತಾನೇ! ತೋರಿಸು, ಬಿಸಾಕು. ಸ್ಯಾಮ್‌ಸಂಗ್‌ನಲ್ಲೂ ಇದೆ. ಅಡ್ವಾನ್ಸ್ಡ್ ಫೀಚರ್ಸ್‌ನೊಳಗೆ ಸ್ಕ್ರೀನ್‌ಶಾಟ್‌ಗಳ ಸೆಟ್ಟಿಂಗ್ ತೆರೆದರೆ, ಆ ಪಟ್ಟಿಯಿಂದ ಶೇರ್ ಮಾಡಿದ ಮೇಲೆ ತಾನೇ ಅಳಿಸುವ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿದರೆ ವಾಟ್ಸಾಪ್‌ಗೆ ಕಳಿಸಲೆಂದೇ ತೆಗೆದದ್ದು ರಾಶಿ ಬೀಳುವುದಿಲ್ಲ.

ಅಡಿಕೆತೋಟ:
ಶೇರ್ ಮಾಡಿ ಅಳಿಸುವುದೂ ಒಂದೊಂದು ಸಲ ಕೈ ಕೊಡುತ್ತದೆ. ವಾಟ್ಸಾಪ್ ಚಿತ್ರವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಹೆಸರೂ ಬದಲಾಗುತ್ತದೆ. ನಾಳೆ ಮೂಲ ಬೇಕು ಅಂದರೆ ವಾಟ್ಸಾಪ್‌ನಲ್ಲಿರುವ ಆ ಸೊರಗಿದ ಚಿತ್ರ ಮಾತ್ರ ಗತಿ. ಅಕ್ಷರ ಜಾಸ್ತಿ ಇರುವ ಚಿತ್ರವನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಹಾಗೆ ಕಳಿಸಿದರೆ ಹಿಂಡುವುದಿಲ್ಲ.

ಕೋಡುಬಳೆ:
ಸರಿ, ತೆಗೆಯುವ ಕಷ್ಟ ಮುಗಿಯಿತು. ಈಗಾಗಲೇ ಬಿದ್ದಿರುವ ರಾಶಿಗೆ ಏನು ಮಾಡಲಿ? ಒಂದೊಂದೇ ನೋಡಿ ಅಳಿಸುತ್ತಾ ಕೂತರೆ ಪ್ರಿಲಿಮ್ಸ್ ಮುಗಿದುಹೋಗುತ್ತದೆ.

ತಿರುಗುಬಾಣ:
ಒಂದೊಂದೇ ನೋಡಬೇಡಿ. ನಾನು ಮಾಡುವುದು ಹೇಳುತ್ತೇನೆ, ಬೇಕಾದ್ದು ತಗೊಳ್ಳಿ.

ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್‌ಶಾಟ್ ಫೈಲಿನ ಹೆಸರಲ್ಲೇ ಅರ್ಧ ಉತ್ತರ ಇದೆ. ಮೊದಲು ಸ್ಕ್ರೀನ್‌ಶಾಟ್ ಅಂತ, ಆಮೇಲೆ ವರ್ಷ, ತಿಂಗಳು, ದಿನ, ಗಂಟೆ, ಕೊನೆಗೆ ಯಾವ ಆ್ಯಪ್‌ನಿಂದ ತೆಗೆದಿರಿ ಅನ್ನುವುದು. ಮೈ ಫೈಲ್ಸ್ ತೆರೆದು, ಡಿಸಿಐಎಂ ಫೋಲ್ಡರ್ ಒಳಗಿನ ಸ್ಕ್ರೀನ್‌ಶಾಟ್ಸ್‌ಗೆ ಹೋಗಿ, ಯೂಟ್ಯೂಬ್ ಅಂತ ಹುಡುಕಿ. ಪಾಠದವೆಲ್ಲಾ ಒಟ್ಟಿಗೆ ಬರುತ್ತವೆ. ಎಲ್ಲಾ ಆರಿಸಿ ಪಾಠ ಅನ್ನುವ ಬೇರೆ ಫೋಲ್ಡರ್‌ಗೆ ಮೂವ್ ಮಾಡಿ. ಹಾಗೇ ಕ್ರೋಮ್, ಹಾಗೇ ಪಿಡಿಎಫ್ ಓದುವ ಆ್ಯಪ್. ವಾಟ್ಸಾಪ್‌ನಿಂದ ತೆಗೆದವನ್ನು ಒಮ್ಮೆ ಕಣ್ಣಾಡಿಸಿ ಅಳಿಸಿ, ಅದರಲ್ಲಿ ಬೇಕಾದ್ದು ಇರುವುದು ಅಪರೂಪ. ಅರ್ಧ ಗಂಟೆಯ ಕೆಲಸ.

ಎಚ್ಚರಿಕೆ ಬೇಕಾದ ಜಾಗ ಒಂದಿದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಆಲ್ಬಮ್ ಅಂದರೆ ನಿಜವಾದ ಫೋಲ್ಡರ್, ಮೂವ್ ಮಾಡಿದರೆ ಫೈಲೇ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಆಲ್ಬಮ್ ಅಂದರೆ ಬರೀ ಪಟ್ಟಿ. ಆಲ್ಬಮ್‌ಗೆ ಹಾಕಿದರೂ ಫೈಲ್ ಮೊದಲಿದ್ದಲ್ಲೇ ಇರುತ್ತದೆ. ಆಲ್ಬಮ್‌ಗೆ ಸೇರಿಸಿದೆನಲ್ಲ ಅಂತ ಮೂಲ ಅಳಿಸಿದರೆ ಎರಡೂ ಕಡೆಯಿಂದ ಹೋಯಿತು.

ಬಿಸಿಲ್ಗುದುರೆ:
ಇದಕ್ಕೆ ಸೇರಿಸುತ್ತೇನೆ. ಫೋನಿಗೂ ಟ್ಯಾಬಿಗೂ ಒಂದೇ ಗೂಗಲ್ ಖಾತೆ ಇಟ್ಟುಕೊಂಡು ಬ್ಯಾಕಪ್ ಆನ್ ಇದ್ದರೆ, ಟ್ಯಾಬ್‌ನ ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ್ದು ಫೋನ್‌ನಿಂದಲೂ ಹೋಗುತ್ತದೆ. ಮನೆಯವರೆಲ್ಲಾ ಒಂದೇ ಖಾತೆ ಬಳಸುವ ಕಡೆ ಇದರಿಂದ ಜಗಳವೇ ಆಗುತ್ತದೆ.

ಬ್ಯಾಕಪ್‌ನಲ್ಲಿ ಯಾವ ಫೋಲ್ಡರ್ ಬೇಕು ಯಾವುದು ಬೇಡ ಅಂತ ಆರಿಸಬಹುದು. ಗೂಗಲ್ ಫೋಟೋಸ್ ಸೆಟ್ಟಿಂಗ್ಸ್‌ನ ಬ್ಯಾಕಪ್ ಒಳಗೆ ಬ್ಯಾಕ್ ಅಪ್ ಡಿವೈಸ್ ಫೋಲ್ಡರ್ಸ್, ಅಲ್ಲಿ ಸ್ಕ್ರೀನ್‌ಶಾಟ್ಸ್ ಆಫ್ ಮಾಡಿ. 2021ರ ಜೂನ್ 1ರಿಂದ ಉಚಿತವಾಗಿ ಎಷ್ಟು ಬೇಕಾದರೂ ತುಂಬುವುದು ನಿಂತಿತು. ಈಗ 15 ಜಿಬಿ ಉಚಿತ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೊ ಎಲ್ಲಾ. ಆ ಜಾಗ ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ಪರೀಕ್ಷೆಗೆ ಅರ್ಜಿ ಹಾಕಿರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಅಳಿಸಿದ ತಕ್ಷಣ ಜಾಗ ಖಾಲಿಯಾಗುವುದಿಲ್ಲ, ಅದನ್ನೂ ನೆನಪಿಡಿ. ಸ್ಯಾಮ್‌ಸಂಗ್ ಗ್ಯಾಲರಿಯ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು 60 ದಿನ. ಟ್ಯಾಬ್ ತುಂಬಿದೆ ಅಂತ ನೂರಾರು ಅಳಿಸಿದೆ, ಜಾಗ ಅಷ್ಟೇ ಇದೆ ಅನ್ನುವವರು ಕಸದಬುಟ್ಟಿ ಖಾಲಿ ಮಾಡಿ ನೋಡಿ.

ಹೊಳೆಸಾಲು:
ಫೈಲ್ಸ್ ಬೈ ಗೂಗಲ್ ಆ್ಯಪ್ ಹಾಕಿಕೊಳ್ಳಿ. ಅದರ ಕ್ಲೀನ್ ಭಾಗದಲ್ಲಿ ಹಳೇ ಸ್ಕ್ರೀನ್‌ಶಾಟ್‌ಗಳನ್ನು ಗುಂಪು ಮಾಡಿ ಇವು ಬೇಕಾ ಅಂತ ಕೇಳುತ್ತದೆ. ಬೇಡ ಅನ್ನಿ. ಎಲ್ಲಾ ಬೇಡ. ಮೂರು ತಿಂಗಳು ತೆರೆದು ನೋಡದ ಸ್ಕ್ರೀನ್‌ಶಾಟ್ ಅಟ್ಟದ ಮೇಲಿನ ತೂತು ಕೊಳಗದ ಹಾಗೆ, ಇದೆ ಅನ್ನುವ ಸಮಾಧಾನ ಬಿಟ್ಟರೆ ಏನೂ ಇಲ್ಲ.

ತಿರುಗುಬಾಣ:
ನಿಮ್ಮದು ಅತಿಯಾಯಿತು ಮಾರಾಯ್ರೇ. ಪರೀಕ್ಷೆಗೆ ಓದುವವರು ಹಳೆಯದನ್ನೇ ಹುಡುಕುವುದು. ಒಂದು ವರ್ಷದ ಹಿಂದಿನ ಪ್ರಚಲಿತ ವಿದ್ಯಮಾನ ಪ್ರಶ್ನೆಯಾಗಿ ಬರುತ್ತದೆ. ಹಳೇದು ಅನ್ನುವ ಒಂದೇ ಕಾರಣಕ್ಕೆ ಅಳಿಸಲು ಆಗುವುದಿಲ್ಲ. ಮತ್ತೆ ನೆಟ್‌ನಲ್ಲಿ ಸಿಗುತ್ತದಾ ಇಲ್ಲವಾ ಅನ್ನುವುದನ್ನು ನೋಡಬೇಕು. ಸಂವಿಧಾನದ ವಿಧಿ ಎಲ್ಲಿ ಬೇಕಾದರೂ ಸಿಗುತ್ತದೆ, ಅದರ ಸ್ಕ್ರೀನ್‌ಶಾಟ್ ಅಳಿಸಿ. ಯಾರೋ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು ಕೃಷ್ಣಾ ನದಿಯ ಉಪನದಿಗಳನ್ನು ತೋರಿಸಿದ್ದು ಮತ್ತೆ ಸಿಗುವುದಿಲ್ಲ, ಅದು ಇರಲಿ.

ಹೊಳೆಸಾಲು:
ಸರಿ, ಬೋರ್ಡಿಗೆ ರಿಯಾಯಿತಿ ಕೊಟ್ಟೆ. ಪಿಡಿಎಫ್‌ಗೆ ಕೊಡುವುದಿಲ್ಲ.

ಕೋಡುಬಳೆ:
ಪಿಡಿಎಫ್ ಬಗ್ಗೆಯೇ ನನ್ನ ಕೊನೆಯ ಪ್ರಶ್ನೆ ಇದ್ದದ್ದು. ಹಳೇ ಸುತ್ತೋಲೆ, ಆದೇಶಗಳ ಪಿಡಿಎಫ್‌ನಲ್ಲಿ ಒಂದು ಸಾಲು ಕಾಪಿ ಮಾಡಿ ನೋಟ್ಸ್‌ನಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಬರುತ್ತದೆ. ಪರದೆ ಮೇಲೆ ಚೊಕ್ಕ ಕನ್ನಡ. ಅದಕ್ಕೇ ಸ್ಕ್ರೀನ್‌ಶಾಟ್ ತೆಗೆಯುತ್ತಿದ್ದೆ.

ನಿವೃತ್ತ ಮೇಷ್ಟ್ರು:
ಇದು ನಿಮ್ಮ ಟ್ಯಾಬ್‌ನ ತೊಂದರೆ ಅಲ್ಲ. ಆ ಕಾಗದಗಳು ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಆದವು. ಎಲ್ಲಾ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಜಾಗ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಆ ಚಿಹ್ನೆಗಳು. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಂಡಿರುವುದರಿಂದ ಕಣ್ಣಿಗೆ ಸರಿ ಕಾಣುತ್ತದೆ, ಕಾಪಿ ಮಾಡಿದಾಗ ಬಣ್ಣ ಬಯಲಾಗುತ್ತದೆ. ಆ ಪಿಡಿಎಫ್ ಒಳಗೆ ಕನ್ನಡದಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ, ಗಮನಿಸಿರಬಹುದು.

ಯೂನಿಕೋಡ್‌ನಲ್ಲಿ ಮಾಡಿದ ಪಿಡಿಎಫ್‌ನಲ್ಲೂ ಕೆಲವು ಸಲ ಒತ್ತಕ್ಷರ, ಕೊಂಬು, ದೀರ್ಘ ಹಿಂದೆ ಮುಂದೆ ಆಗಿ ಬರುತ್ತವೆ.

ತಿರುಗುಬಾಣ:
@ಹೊಳೆಸಾಲು, ಈಗ ಹೇಳಿ, ಇಂಥ ಪಿಡಿಎಫ್ ಇಟ್ಟುಕೊಂಡು ಹುಡುಕುವುದು ಹೇಗೆ? ಇಲ್ಲಿ ಸ್ಕ್ರೀನ್‌ಶಾಟೇ ಸರಿ ದಾರಿ. ಚಿತ್ರದಿಂದ ಅಕ್ಷರ ಓದುವ ತಂತ್ರಕ್ಕೆ ಒಳಗಿರುವ ಫಾಂಟ್ ನುಡಿಯೋ ಬರಹವೋ ಬೇಕಾಗಿಲ್ಲ. ಅದು ನಮ್ಮ ಹಾಗೆ ಆಕಾರ ನೋಡಿ ಓದುತ್ತದೆ, ಕೊಡುವುದು ಯೂನಿಕೋಡ್ ಕನ್ನಡ.

ದಾರಿ ಎರಡು. ಒಂದೆರಡು ಪ್ಯಾರಾ ಆದರೆ ಗೂಗಲ್ ಫೋಟೋಸ್‌ನಲ್ಲಿ ಸ್ಕ್ರೀನ್‌ಶಾಟ್ ತೆರೆದು ಲೆನ್ಸ್ ಒತ್ತಿ, ಅಕ್ಷರಗಳನ್ನು ಆರಿಸಿ ಕಾಪಿ ಮಾಡಿ. ಪುಟಗಟ್ಟಲೆ ಇದ್ದರೆ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಮೇಲೆ ಚಿತ್ರ, ಕೆಳಗೆ ಅದರ ಕನ್ನಡ ಅಕ್ಷರ ಬರುತ್ತದೆ. ಟ್ಯಾಬ್‌ನ ಡ್ರೈವ್ ಆ್ಯಪ್‌ನಲ್ಲಿ ಈ ಕೆಲಸ ಆಗುವುದಿಲ್ಲ. ಕ್ರೋಮ್‌ನಲ್ಲಿ ಡ್ರೈವ್ ತೆರೆದು, ಡೆಸ್ಕ್‌ಟಾಪ್ ಸೈಟ್ ಅಂತ ಟಿಕ್ ಮಾಡಿಕೊಂಡು ಮಾಡಬೇಕು. ಲಿಂಕ್ ಮುಟ್ಟಿದರೆ ಆ್ಯಪ್‌ಗೆ ಎಳೆದುಕೊಂಡು ಹೋಗಲು ನೋಡುತ್ತದೆ, ಆದ್ದರಿಂದ ವಿಳಾಸವನ್ನು ಕೈಯಲ್ಲೇ ಟೈಪ್ ಮಾಡಿ. ಸ್ನೇಹಿತರ ಲ್ಯಾಪ್‌ಟಾಪ್ ಸಿಕ್ಕರೆ ಇನ್ನೂ ಸುಲಭ.

ಗೂಗಲ್ ಹೇಳುವ ಪ್ರಕಾರ ಫೈಲು 2 ಎಂಬಿಯೊಳಗೆ ಇರಬೇಕು, ಅಕ್ಷರದ ಎತ್ತರ ಕನಿಷ್ಠ 10 ಚುಕ್ಕಿ ಇರಬೇಕು, ಚಿತ್ರ ನೆಟ್ಟಗೆ ಇರಬೇಕು. ಅದಕ್ಕೇ ಇಡೀ ಪುಟವನ್ನು ಒಂದೇ ಸ್ಕ್ರೀನ್‌ಶಾಟ್ ಮಾಡಬೇಡಿ. ಪಿಡಿಎಫ್ ಅನ್ನು ಅಗಲಕ್ಕೆ ಹಿಗ್ಗಿಸಿ, ಅರ್ಧ ಅರ್ಧ ಪುಟ ತೆಗೆಯಿರಿ. ಎರಡು ಕಾಲಂ ಇದ್ದರೆ ಪೆನ್ನಿನಿಂದ ಒಂದೊಂದೇ ಕಾಲಂ ಕತ್ತರಿಸಿ, ಇಲ್ಲದಿದ್ದರೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಂಡು ಗೊಂದಲ ಆಗುತ್ತದೆ.

ನಿವೃತ್ತ ಮೇಷ್ಟ್ರು:
ಬಂದದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಪ, ವ, ಷ ಅದಲು ಬದಲಾಗುತ್ತವೆ. ಅನುಸ್ವಾರಕ್ಕೂ ಸೊನ್ನೆಗೂ ತಾಕಲಾಟ. ಕನ್ನಡ ಅಂಕಿಗಳು ಇದ್ದರಂತೂ ಆದೇಶದ ನಂಬರ್, ದಿನಾಂಕ ಎರಡನ್ನೂ ಮೂಲದ ಜೊತೆ ಹಿಡಿದು ನೋಡಿ. ನಾನು ಹಳೇ ಪಠ್ಯಗಳನ್ನು ಹೀಗೆ ತೆಗೆಯುತ್ತೇನೆ, ಟೈಪ್ ಮಾಡುವುದಕ್ಕಿಂತ ಎಷ್ಟೋ ಬೇಗ, ಆದರೆ ಕರಡು ತಿದ್ದುವ ಕೆಲಸ ತಪ್ಪುವುದಿಲ್ಲ.

ಹೊಳೆಸಾಲು:
ನುಡಿ ಪಿಡಿಎಫ್‌ಗೂ ರಿಯಾಯಿತಿ ಕೊಟ್ಟೆ. ಆದರೆ ಅಕ್ಷರ ಸಿಕ್ಕ ಮೇಲೆ ಆ ಸ್ಕ್ರೀನ್‌ಶಾಟ್ ಅಳಿಸಿ, ಮೂಲ ಪಿಡಿಎಫ್ ಇಟ್ಟುಕೊಳ್ಳಿ. ತಿದ್ದಿದ ಅಕ್ಷರದ ಕೆಳಗೆ ಯಾವ ಆದೇಶ, ಯಾವ ಪುಟ ಅಂತ ಒಂದು ಸಾಲು ಬರೆದಿಡಿ.

ಅಡಿಕೆತೋಟ:
ಮಧ್ಯದಲ್ಲಿ ಒಂದು ಕೇಳಲಾ? ನನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಬರುವುದೇ ಇಲ್ಲ, ಭದ್ರತೆಯ ಕಾರಣ ಅಂತ ತೋರಿಸುತ್ತದೆ. ಮಗ ನೋಡುವ ಸಿನಿಮಾ ಆ್ಯಪ್‌ನಲ್ಲಿ ತೆಗೆದರೆ ಬರೀ ಕಪ್ಪು. ಟ್ಯಾಬ್ ಕೆಟ್ಟಿದೆಯಾ?

ಬಿಸಿಲ್ಗುದುರೆ:
ಇಲ್ಲ. ಈ ಪರದೆಯನ್ನು ಯಾರೂ ತೆಗೆಯಬಾರದು ಅಂತ ಆ್ಯಪ್ ಮಾಡಿದವರೇ ಆಂಡ್ರಾಯ್ಡ್‌ಗೆ ಹೇಳಿಟ್ಟಿರಬಹುದು. ಆಗ ಯಾವ ಬಟನ್, ಯಾವ ಸನ್ನೆ, ಯಾವ ಬೇರೆ ಆ್ಯಪ್ ತಂದರೂ ಬರುವುದಿಲ್ಲ. ನಿಮ್ಮ ಪಾಸ್‌ವರ್ಡ್ ಕದಿಯಲು ಕಳ್ಳ ಆ್ಯಪ್‌ಗಳು ಪರದೆ ನೋಡುತ್ತವೆ, ಅದನ್ನು ತಡೆಯಲು ಇದು. ಕ್ರೋಮ್‌ನ ಇನ್‌ಕಾಗ್ನಿಟೊದಲ್ಲೂ ಆಂಡ್ರಾಯ್ಡ್‌ನಲ್ಲಿ ಇದೇ ಕತೆ. ಸಿನಿಮಾದ ಕಪ್ಪು ಪರದೆ ನಕಲು ತಡೆಯಲು. ವಾಟ್ಸಾಪ್‌ನಲ್ಲಿ ಒಮ್ಮೆ ಮಾತ್ರ ನೋಡಬಹುದಾದ ಚಿತ್ರಗಳಿಗೂ ತಡೆ ಇದೆ. ಬ್ಯಾಂಕಿನದ್ದು ಬೇಕಾದರೆ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿಕೊಳ್ಳಿ.

ಯುಪಿಐ ಸ್ಕ್ರೀನ್‌ಶಾಟ್ ಬಗ್ಗೆಯೂ ಒಂದು ಮಾತು. ದುಡ್ಡು ಕಳಿಸಿದ್ದೇನೆ ಅಂತ ಯಾರಾದರೂ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ. ಅಂಥ ಚಿತ್ರ ಮಾಡುವುದು ಎರಡು ನಿಮಿಷದ ಕೆಲಸ. ನಿಮ್ಮ ಖಾತೆಗೆ ಬಂತಾ ಅಂತ ನಿಮ್ಮ ಆ್ಯಪ್‌ನಲ್ಲೇ ನೋಡಿ.

ಅಡಿಕೆತೋಟ:
ಒಳ್ಳೆದಾಯ್ತು, ಅಂಗಡಿಗೆ ತಗೊಂಡು ಹೋಗುವವಳಿದ್ದೆ.

ತಿರುಗುಬಾಣ:
ಕಳಿಸುವ ಮೊದಲು ಮುಚ್ಚುವುದರ ಬಗ್ಗೆ ಹೇಳಲೇಬೇಕು, ಪರೀಕ್ಷೆ ಗುಂಪುಗಳಲ್ಲಿ ಹಾಲ್ ಟಿಕೆಟ್ ಸ್ಕ್ರೀನ್‌ಶಾಟ್ ಹಾಕುವವರು ತುಂಬಾ ಜನ. ನಂಬರ್ ಮೇಲೆ ಹೈಲೈಟರ್‌ನಲ್ಲಿ ಕಪ್ಪು ಬಳಿಯುತ್ತಾರೆ. ಹೈಲೈಟರ್ ಅರೆಪಾರದರ್ಶಕ, ಚಿತ್ರದ ಬೆಳಕು ಏರಿಸಿದರೆ ಒಳಗಿನ ಅಂಕಿ ಕಾಣುತ್ತದೆ. ದಪ್ಪ ಪೆನ್ ತಗೊಂಡು ಪೂರ್ತಿ ಮುಚ್ಚಿ, ಅಥವಾ ಆ ಭಾಗವನ್ನೇ ಕತ್ತರಿಸಿ ತೆಗೆಯಿರಿ.

ಕತ್ತರಿಸುವುದರಲ್ಲೂ ಒಂದು ಕತೆ ಇದೆ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನ್‌ಗಳ ಚಿತ್ರ ತಿದ್ದುವ ಸಾಧನದಲ್ಲಿ ಒಂದು ಲೋಪ ಹೊರಗೆ ಬಂತು. ಕತ್ತರಿಸಿದ ಚಿತ್ರದ ಫೈಲಿನ ಕೊನೆಯಲ್ಲಿ ಹಳೇ ಚಿತ್ರದ ಚೂರುಗಳು ಉಳಿದುಬಿಡುತ್ತಿದ್ದವು, ಅದರಿಂದ ಮುಚ್ಚಿದ ಭಾಗವನ್ನು ಸ್ವಲ್ಪ ಮಟ್ಟಿಗೆ ಮತ್ತೆ ಕಟ್ಟಬಹುದಿತ್ತು. ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅಂಥದೇ ಸಿಕ್ಕಿತು. ಎರಡೂ ಸರಿಯಾಗಿವೆ. ಆದರೆ ಅದಕ್ಕೂ ಮೊದಲು ಕತ್ತರಿಸಿ ಕಳಿಸಿದ್ದನ್ನು ಯಾವ ಅಪ್‌ಡೇಟೂ ಸರಿ ಮಾಡುವುದಿಲ್ಲ.

ಪರದೆಯ ಮೇಲ್ಭಾಗದ ಪಟ್ಟಿಯನ್ನೂ ನೋಡಿ. ಯಾರ ಮೆಸೇಜ್ ಬಂದಿದೆ, ಯಾವ ಆ್ಯಪ್ ಇದೆ ಎಲ್ಲಾ ಗೊತ್ತಾಗುತ್ತದೆ. ಸ್ಯಾಮ್‌ಸಂಗ್‌ನ ಅದೇ ಸ್ಕ್ರೀನ್‌ಶಾಟ್ ಸೆಟ್ಟಿಂಗ್‌ನಲ್ಲಿ ಆ ಪಟ್ಟಿ, ಕೆಳಗಿನ ಬಟನ್‌ಗಳು ಚಿತ್ರದಲ್ಲಿ ಬರದ ಹಾಗೆ ಮಾಡಬಹುದು.

ಕೋಡುಬಳೆ:
ನುಡಿ ಪಿಡಿಎಫ್ ಒಂದನ್ನು ಡ್ರೈವ್‌ನಲ್ಲಿ ಮಾಡಿ ನೋಡಿದೆ. ಬಂತು! ಪಂಚಾಯತ್ ರಾಜ್ ಸುತ್ತೋಲೆ, ಒಂದೆರಡು ಕಡೆ ವ ಇದ್ದಲ್ಲಿ ಪ ಆಗಿದೆ, ಉಳಿದದ್ದು ಸರಿ. ಆದರೆ ಯೂಟ್ಯೂಬ್ ಬೋರ್ಡಿನ ಕೆಲವು ಚಿತ್ರಗಳು 2 ಎಂಬಿ ದಾಟುತ್ತಿವೆ. ಪಿಡಿಎಫ್‌ನಿಂದ ತೆಗೆದವು ಸಣ್ಣವೇ. ಒಂದೇ ಪರದೆ, ಯಾಕೆ ಹೀಗೆ?

ಬಿಸಿಲ್ಗುದುರೆ:
ನಿಮ್ಮದರಲ್ಲಿ ಚಿತ್ರ ಉಳಿಸುವ ಬಗೆ ಪಿಎನ್‌ಜಿ ಅಂತ ಆಯ್ಕೆಯಾಗಿರಬೇಕು. ಅದು ಏನನ್ನೂ ಬಿಡದೆ ಇಡುತ್ತದೆ. ಬಿಳಿ ಹಾಳೆ ಮೇಲೆ ಕಪ್ಪು ಅಕ್ಷರ ಆದರೆ ಒಂದೇ ಬಣ್ಣ ಉದ್ದಕ್ಕೆ ಇರುವುದರಿಂದ ಸಣ್ಣ ಫೈಲಲ್ಲೇ ಮುಗಿಯುತ್ತದೆ, ಅಕ್ಷರದ ಅಂಚೂ ಚೂಪಾಗಿರುತ್ತದೆ. ವಿಡಿಯೊ ಚಿತ್ರದಲ್ಲಿ ಪ್ರತಿ ಚುಕ್ಕಿಗೂ ಬಣ್ಣ ಚೂರು ಚೂರು ಬೇರೆ, ಆದ್ದರಿಂದ ಫೈಲು ಊದಿಕೊಳ್ಳುತ್ತದೆ. ಸ್ಕ್ರೀನ್‌ಶಾಟ್ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ ಅಂತ ಇದೆ, ಜೆಪಿಜಿ ಮಾಡಿ. ಓದುವುದಕ್ಕೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಬರೀ ಅಕ್ಷರ ಇರುವ ಕಡತಗಳನ್ನು ಜಾಸ್ತಿ ತೆಗೆಯುವ ದಿನ ಬೇಕಾದರೆ ಮತ್ತೆ ಪಿಎನ್‌ಜಿಗೆ ಬನ್ನಿ.

ಕೋಡುಬಳೆ:
ಈಗಾಗಲೇ ತೆಗೆದವೂ ಬದಲಾಗುತ್ತವಾ?

ಬಿಸಿಲ್ಗುದುರೆ:
ಇಲ್ಲ, ಇನ್ನು ಮುಂದೆ ತೆಗೆಯುವವು ಮಾತ್ರ. ಹಳೆಯದರಲ್ಲಿ ದೊಡ್ಡದಿದ್ದರೆ ಗ್ಯಾಲರಿಯಲ್ಲಿ ತೆರೆದು ಬೋರ್ಡ್ ಭಾಗ ಮಾತ್ರ ಕತ್ತರಿಸಿ ಸೇವ್ ಮಾಡಿ, 2 ಎಂಬಿಯೊಳಗೆ ಬರುತ್ತದೆ.